ತೂಬಿನ ಕೆಳಗಿನ ಸಮಾಧಿಗಳು

ವಂಶ ಹುಡುಕಿಕೊಡಿ ಎಂದು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಳೆಯ ಜಮೀನು ದಾಖಲೆಗಳನ್ನು ವಕೀಲರಿಗೆ ಓದಿಕೊಡುವುದು ಚಿಕ್ಕಬಳ್ಳಾಪುರದಲ್ಲಿ ನನ್ನ ಕಸುಬು. ಶಾನುಭೋಗರ ಕೊಕ್ಕೆ ಅಕ್ಷರ ಓದಬಲ್ಲವರು ಈಗ ಕಡಿಮೆ, ಹಾಗಾಗಿ ಹೊಟ್ಟೆಪಾಡಿಗೆ ತೊಂದರೆಯಿಲ್ಲ. ಜಮೀನಿನ ಗಿರಾಕಿಗೆ ಏನು ಬೇಕೆಂದು ಅವನಿಗೂ ಗೊತ್ತು, ನನಗೂ ಗೊತ್ತು. ವಂಶದ ಗಿರಾಕಿಗಳು ಹಾಗಲ್ಲ. ಅವರಿಗೆಲ್ಲ ಪಾಳೇಗಾರರೇ ಬೇಕು, ಕೊನೇಪಕ್ಷ ಒಬ್ಬ ದಂಡನಾಯಕನಾದರೂ ಬೇಕು. ಕೂಲಿ ಮಾಡಿದ ಮುತ್ತಾತ ಸಿಕ್ಕಿದರೆ "ಇನ್ನೊಂದ್ಸಲ ಸರಿಯಾಗಿ ನೋಡಿ" ಎನ್ನುತ್ತಾರೆ.

ಆದ್ದರಿಂದ ಶಿಡ್ಲಘಟ್ಟದಿಂದ ಒಬ್ಬ ನಿವೃತ್ತ ಟೀಚರ್ ಬಂದು ನನ್ನೆದುರು ಕೂತು "ನಮ್ಮ ವಂಶದ ಬಗ್ಗೆ" ಎಂದು ಶುರು ಮಾಡಿದಾಗ ನಾನು ಮುಖ ಗಂಟು ಹಾಕಿಕೊಂಡೇ, "ಯಾವ ಪಾಳೇಗಾರರು ಬೇಕು ನಿಮಗೆ?" ಎಂದು ಕೇಳಿದೆ.

ಆಕೆ ನಗಲಿಲ್ಲ. "ನಮ್ಮಪ್ಪನ ತಾಯಿ ಸಮಾಧಿ ಎಲ್ಲಿದೆ ಅಂತ ಗೊತ್ತಾಗ್ಬೇಕು, ಅಷ್ಟೇ," ಎಂದರು.

ಅವರ ತಂದೆಗೆ ತೊಂಬತ್ತರ ಹತ್ತಿರ. ಕಿಡ್ನಿ ಎರಡೂ ಕೈಕೊಟ್ಟಿದ್ದವು. ಡಾಕ್ಟರು ಇನ್ನು ಆಸ್ಪತ್ರೆಗೆ ಅಲೆದಾಡಿಸಬೇಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿಬಿಟ್ಟಿದ್ದರು. ಆ ಮುದುಕರದು ಒಂದೇ ಹಠ. ನನ್ನನ್ನು ನಮ್ಮಮ್ಮನ ಪಕ್ಕದಲ್ಲೇ ಮಣ್ಣು ಮಾಡಬೇಕು. ಆದರೆ ತಾಯಿ ಸತ್ತಾಗ ಅವರಿನ್ನೂ ಅಂಗಿ ಹಾಕಿಕೊಳ್ಳದೆ ಓಡಾಡುವ ಮಗು. ಪ್ಲೇಗು ಬಂದು ತಾಯಿ ಹೋದರು, ಹಿಂದೆಯೇ ತಂದೆ ಹೋದರು, ಸೋದರಮಾವ ಹೆಗಲ ಮೇಲೆ ಹೊತ್ತು ಶಿಡ್ಲಘಟ್ಟಕ್ಕೆ ತಂದು ಸಾಕಿದ. ಊರ ಹೆಸರು ಕೇಳಿದರೆ ಆ ಮಾವ, "ಆ ಊರಿಲ್ಲ ಈಗ, ಸುಮ್ನಿರು" ಎಂದು ಗದರುತ್ತಿದ್ದನಂತೆ. ಹಾಗೇ ಗದರುತ್ತಾ ಅವನೂ ಸತ್ತ.

ನಾನು ಒಪ್ಪಿಕೊಂಡದ್ದು ಆ ಮುದುಕರನ್ನು ನೋಡಿದ ಮೇಲೆ. ಜೀವನವೆಲ್ಲ ರೇಷ್ಮೆ ನೂಲು ತೆಗೆದ ಕೈ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗಾಗಿತ್ತು. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು.

"ತಾತ, ನಿಮ್ಮಮ್ಮನ ಹೆಸರೇನು?" ಎಂದು ಕೇಳಿದೆ. ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ.

"ಅಮ್ಮ ಅಂತಿದ್ದೆ ಕಣಮ್ಮ."

"ಊರೋರು ಏನಂತಿದ್ರು?"

ಮುದುಕರ ಕಣ್ಣು ತುಂಬಿತು. "ಗೊತ್ತಿಲ್ವಲ್ಲ ತಾಯಿ," ಎಂದರು. ತಂದೆಯ ಹೆಸರು ಮಾತ್ರ ಗೊತ್ತಿತ್ತು, ಮುನಿಯಪ್ಪ. ನಮ್ಮ ಕಡೆ ಮುನಿಯಪ್ಪನನ್ನು ಹುಡುಕುವುದೆಂದರೆ ಸಂತೆಯಲ್ಲಿ ನಿಂತು "ಅಣ್ಣಾ" ಎಂದು ಕೂಗಿದ ಹಾಗೆ.

ಕೆಲಸ ಶುರು ಮಾಡಿದ್ದು ಶಾಲೆಯ ದಾಖಲೆಯಿಂದ. ಅಲ್ಲಿ ಹುಟ್ಟಿದ ಊರು ಶಿಡ್ಲಘಟ್ಟ ಎಂದೇ ಇತ್ತು. ಮಾವ ಬರೆಸಿದ್ದು. ಆಮೇಲೆ ದೂರದ ನೆಂಟರೊಬ್ಬರು, ಮಾವ ಹೆಣ್ಣು ತಂದದ್ದು ಗೌರಿಬಿದನೂರಿನ ಕಡೆಯಿಂದ, ತಂಗಿಯನ್ನು ಕೊಟ್ಟದ್ದೂ ಅಲ್ಲಿಗೇ ಇರಬೇಕು ಎಂದರು. ಬೇರೆ ಹಿಡಿತವಿಲ್ಲದ ಕಾರಣ ಗೌರಿಬಿದನೂರಿಗೆ ಹೊರಟೆ. ಆ ಕಾಲದ ಸಾವಿನ ದಾಖಲೆಗಳನ್ನು ಗಂಟು ಬಿಚ್ಚಿ ಒಂದೊಂದೇ ಹಾಳೆ ತಿರುವಬೇಕು. ಹಾಳೆ ಒಣಗಿದ ಹಪ್ಪಳ, ಸ್ವಲ್ಪ ಜೋರಾಗಿ ತಿರುವಿದರೆ ಕೈಗೇ ಬರುತ್ತದೆ. ಪ್ಲೇಗಿನಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಬರೆಯುವವನೂ ಓಡಿಹೋಗಿರುತ್ತಿದ್ದ. ಹೆಂಗಸರ ಸಾಲಿನಲ್ಲಿ "ಮುನಿಯನ ಹೆಂಡತಿ" ಎಂದು ಬರೆದು ಕೈತೊಳೆದುಕೊಂಡವರೇ ಹೆಚ್ಚು.

ಹಾಗೂ ಒಬ್ಬ ಮುನಿಯಪ್ಪ ಸಿಕ್ಕ. ಅಪ್ಪ ಎಲ್ಲಪ್ಪ. ಟೀಚರ್ ಮನೆಯಲ್ಲೂ ಎಲ್ಲಪ್ಪ ಎಂಬ ಹೆಸರು ಇದ್ದುದರಿಂದ ನನಗೆ ಕುಣಿಯುವಷ್ಟು ಖುಷಿಯಾಯಿತು. ಆ ಹಳ್ಳಿಗೆ ಟೀಚರನ್ನೂ ಕರೆದುಕೊಂಡು ಹೋದೆ. ಹುಣಸೇಮರದ ಕೆಳಗೆ ಮುನಿಯಪ್ಪ ಎಂದು ಅಕ್ಷರ ಕೆತ್ತಿದ ಸಮಾಧಿ ಕಲ್ಲೇ ಇತ್ತು! ಟೀಚರ್ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅತ್ತು, ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಆ ಮನೆಯವರು ಬಂದು ಯಾರು ಏನು ಎಂದು ವಿಚಾರಿಸಿದರು. ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಮುನಿಯಪ್ಪನ ಮಗ ಎಲ್ಲಪ್ಪ, ಅವನ ಮಗ ಮತ್ತೆ ಮುನಿಯಪ್ಪ, ಅವನ ಮಗ ಮತ್ತೆ ಎಲ್ಲಪ್ಪ. ಅಲ್ಲಿ ಮಲಗಿದ್ದವನು ಆ ಸಾಲಿನಲ್ಲಿ ತೀರಾ ಈಚಿನವನು. ನಮ್ಮ ಮುದುಕರು ಶಿಡ್ಲಘಟ್ಟದಲ್ಲಿ ಮದುವೆಯಾಗಿ ಮಕ್ಕಳು ಪಡೆದ ಮೇಲೆ ಸತ್ತ ಮನುಷ್ಯ.

"ಪರವಾಗಿಲ್ಲ ಬಿಡಿ, ಯಾರಿಗಾದ್ರೂ ಹೂವು ಸೇರ್ತಲ್ಲ," ಎಂದರು ಆ ಮನೆಯವರು. ವಾಪಸ್ ಬರುವಾಗ ಟೀಚರ್ ಆ ಫೋಟೋಗಳನ್ನು ಒಂದೊಂದಾಗಿ ಅಳಿಸಿಹಾಕಿದರು. ನನಗೆ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು.

ಕೆಲಸ ಬಿಟ್ಟುಬಿಡುತ್ತೇನೆಂದು ಹೇಳಲು ಶಿಡ್ಲಘಟ್ಟಕ್ಕೆ ಹೋದೆ. ಮುದುಕರು ಅವತ್ತು ಸ್ವಲ್ಪ ಚುರುಕಾಗಿದ್ದರು. ಮಜ್ಜಿಗೆ ಕುಡಿಯುತ್ತಾ ಅವರಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ಅಪ್ಪ ಬೆಳಗ್ಗೆ ಬೆಳಗ್ಗೆ ತೂಬು ಎತ್ತೋಕೆ ಹೋಗುತ್ತಿದ್ದ, ನಾನೂ ಬರ್ತೀನಿ ಅಂತ ಅಳುತ್ತಿದ್ದೆ, ಉರುಸಿಗೆ ಹೋಗುವ ಜನವೆಲ್ಲ ನಮ್ಮ ಕೆರೆ ಏರಿಯ ಮೇಲೇ ನಡೆದುಕೊಂಡು ಹೋಗುತ್ತಿದ್ದರು, ಕೈಗೆ ಸಕ್ಕರೆ ಕೊಡುತ್ತಿದ್ದರು.

ನಾನು ನನ್ನ ಮಜ್ಜಿಗೆ ಲೋಟ ಕೆಳಗಿಟ್ಟೆ. "ತಾತಾ! ನಿಮ್ಮಪ್ಪ ನೀರುಗಂಟಿನಾ?"

"ಹೂಂ ಮತ್ತೆ."

"ಅಯ್ಯೋ ಕರ್ಮವೇ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಊರು ಕೇಳ್ದೆ, ಹೆಸ್ರು ಕೇಳ್ದೆ. ಕೆರೆ ಎಲ್ಲಿ ಕೇಳ್ದೆ?"

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಅವನ ಕೆಲಸಕ್ಕೆ ಸಂಬಳವಿರಲಿಲ್ಲ, ಕೆರೆ ಕೆಳಗೆ ಒಂದು ತುಂಡು ಇನಾಂ ಜಮೀನಿರುತ್ತಿತ್ತು. ಜಮೀನು ಇದ್ದರೆ ದಾಖಲೆ ಇರಲೇಬೇಕು. ಇನ್ನು ಉರುಸು ಎಂದರೆ ನಮ್ಮ ಸೀಮೆಯಲ್ಲಿ ಮುರುಗಮಲ್ಲದ ದರ್ಗಾ. ಅಂದರೆ ಹುಡುಕಬೇಕಾದದ್ದು ಗೌರಿಬಿದನೂರಿನಲ್ಲಲ್ಲ, ಚಿಂತಾಮಣಿ ತಾಲ್ಲೂಕಿನಲ್ಲಿ.

ಚಿಂತಾಮಣಿಯಲ್ಲಿ ದಾರಿ ಸಲೀಸಾಯಿತು. ಮುರುಗಮಲ್ಲಕ್ಕೆ ನಡೆದು ಹೋಗುವ ಹಳೆಯ ದಾರಿಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡೆ. ಏರಿ ಮೇಲೆ ಹಾದುಹೋಗುವ ದಾರಿ ಇರುವ ಕೆರೆಗಳನ್ನು ಬೇರೆ ಮಾಡಿದೆ. ಅವುಗಳಲ್ಲೊಂದು ಬೇಚರಾಕ್ ಗ್ರಾಮಕ್ಕೆ ಸೇರಿತ್ತು. ಲೆಕ್ಕದಲ್ಲಿ ಊರುಂಟು, ಸರ್ವೆ ನಂಬರುಂಟು, ಜನರಿಲ್ಲ, ಅದೇ ಬೇಚರಾಕ್. ಪ್ಲೇಗಿನ ನಂತರ ಜನ ಮತ್ತೆ ಮನೆಗಳಿಗೆ ಹಿಂತಿರುಗಲೇ ಇಲ್ಲ. "ಆ ಊರಿಲ್ಲ ಈಗ" ಎಂದು ಮಾವ ಹೇಳಿದ್ದು ಸುಳ್ಳಾಗಿರಲಿಲ್ಲ. ಇನಾಂ ಪುಸ್ತಕದಲ್ಲಿ ಆ ಊರಿನ ಪುಟ ತೆಗೆದೆ: ನೀರುಗಂಟಿ ಇನಾಂ, ಮುನಿಗ ಬಿನ್ ಎಲ್ಲಿಗ.

ನಕಲು ತೆಗೆಸಿ ಟೀಚರ್ ಕೈಗೆ ಕೊಟ್ಟೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಆಕೆ ಅದನ್ನೇ ದಿಟ್ಟಿಸುತ್ತಾ ಕೂತರು. ಮೇಲಿನ ಸಾಲಿನಲ್ಲಿ ಪಟೇಲನ ಹೆಸರಿಗೆ ಗೌಡ ಇತ್ತು, ಶಾನುಭೋಗನ ಹೆಸರಿಗೆ ಅಯ್ಯ ಇತ್ತು.

"ಮುನಿಗ," ಎಂದರು. "ನಮ್ಮ ತಾತಂಗೆ ಒಂದು ಅಪ್ಪ ಸೇರ್ಸಕ್ಕೂ ಇವರ ಮಸಿ ಖರ್ಚಾಗ್ತಿತ್ತಾ?"

ನಮ್ಮ ಜನದ ಹೆಸರುಗಳನ್ನು ಹೀಗೇ ಬರೆದಿರುವುದನ್ನು ದಿನಾ ಓದಿ ಓದಿ ನನಗೆ ಅಭ್ಯಾಸವಾಗಿಹೋಗಿದೆ. ಅವತ್ತು ಮಾತ್ರ ಆ ಅಭ್ಯಾಸದ ಬಗ್ಗೆ ನಾಚಿಕೆಯಾಯಿತು.

ಜಮೀನಿಗೆ ಹೋದದ್ದು ನಾವಿಬ್ಬರೇ. ತೂಬಿನ ಕೆಳಗೆ, ಏರಿಯ ಬುಡದಲ್ಲಿ, ಟೊಮೆಟೊ ತೋಟದ ಮೂಲೆಗೆ ನೆಟ್ಟ ಕಲ್ಲುಗಳ ಒಂದು ಸಾಲು. ಅಕ್ಷರವಿಲ್ಲ, ಬರೀ ಬಂಡೆಯ ಸೀಳು. ಅದರಲ್ಲೊಂದು ಗಿಡ್ಡ ಕಲ್ಲಿನ ಬುಡದಲ್ಲಿ ಹಳೆಯ ಗಾಜಿನ ಬಳೆ ಚೂರುಗಳಿದ್ದವು. ತೋಟದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿ ಎದ್ದು ಬಂದರು.

"ಎವರಮ್ಮಾ ಮೀರು? ಯಾರು ನೀವು, ಯಾರು ಬೇಕಿತ್ತು?"

ವಿಷಯ ಹೇಳಿದೆವು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು ಗಿಡ್ಡ ಕಲ್ಲಿನ ಹತ್ತಿರ ಹೋಗಿ ನಿಂತರು. "ಇದೇ ಕಣಮ್ಮ ನೀರುಗಂಟಿ ಹೆಂಡ್ತಿ. ಪ್ಲೇಗಲ್ಲಿ ಹೋದೋಳು. ಪಕ್ಕದ್ದು ಅವಳ ಗಂಡ. ಆ ಕಡೆದು ನಮ್ಮ ಮಾವ, ಅದರ ಪಕ್ಕ ನಮ್ಮ ಯಜಮಾನ್ರು."

ನೀರುಗಂಟಿಯ ದಾಯಾದಿಯೊಬ್ಬನಿಂದ ಆ ಜಮೀನು ಕೊಂಡವರು ಅಜ್ಜಿಯ ಮಾವ. ಕೊಳ್ಳುವಾಗ ಆ ದಾಯಾದಿಯೇ ಯಾವ ಕಲ್ಲು ಯಾರದೆಂದು ತೋರಿಸಿ ಹೋಗಿದ್ದನಂತೆ. ಮದುವೆಯಾಗಿ ಬಂದ ಸೊಸೆಗೆ ಮಾವ, "ನೆಲ ಕೊಂಡ್ಮೇಲೆ ನೆಲದಾಗಿರೋರೂ ನಮ್ಮೋರೇ, ಎಡೆ ತಪ್ಪಿಸ್ಬೇಡ" ಎಂದಿದ್ದರು. ಅವತ್ತಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ತಮ್ಮ ಹಿರಿಯರ ಜೊತೆ ಇವರಿಗೂ ಎಲೆ ಹಾಕಿ, ಅಡುಗೆ ಬಡಿಸಿ, ಆ ತಾಯಿಗೆ ಒಂದು ಜೊತೆ ಬಳೆ ಇಟ್ಟು ಬರುತ್ತಿದ್ದರಂತೆ ಈ ಅಜ್ಜಿ. ಟೀಚರ್ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಹುಡುಕಾಟ ಇಷ್ಟು ಚೆನ್ನಾಗಿ ಮುಗಿದದ್ದೇ ಇಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅಜ್ಜಿಯ ಮಗ ಬೈಕಿನಲ್ಲಿ ಬಂದ. ಟೀಚರ್ ಅವನ ಮುಂದೆ ಕೈಮುಗಿದು, "ನಮ್ಮಪ್ಪಂಗೆ ಇಲ್ಲಿ ಆರಡಿ ಜಾಗ ಕೊಡಿ ಸಾಕು," ಎಂದು ಕೇಳಿದರು. ಅವನು ಅವರನ್ನು ನೋಡಲಿಲ್ಲ, ನನ್ನ ಚೀಲವನ್ನು ನೋಡಿದ.

"ಅದರಲ್ಲೇನಿದೆ ಪೇಪರು?"

ಬಚ್ಚಿಟ್ಟರೆ ಅನುಮಾನ ಬೆಳೆಯುತ್ತದೆ ಎಂದು ನನ್ನ ಲೆಕ್ಕ. ತೆಗೆದು ತೋರಿಸಿದೆ. ಅವನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. ಆಗಲೇ ನನಗೆ ನನ್ನ ತಪ್ಪು ಹೊಳೆದದ್ದು. ಊರ ಕೆಲಸಕ್ಕೆಂದು ಕೊಟ್ಟ ಇಂಥ ಜಮೀನನ್ನು ಹಾಗೆಲ್ಲ ಮಾರುವಂತಿರಲಿಲ್ಲ. ಮಾರಿದ್ದರೆ ವಾರಸುದಾರರು ಬಂದು ಕೇಸು ಹಾಕಬಹುದು, ಎಷ್ಟೋ ಕಡೆ ಹಾಕಿದ್ದಾರೆ. ನಮ್ಮ ಸೀಮೆಯಲ್ಲಿ ಹಳೆಯ ದಾಖಲೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ನಿಲ್ಲುವವರು ತಾಯಿಯನ್ನು ಹುಡುಕಿಕೊಂಡು ಬಂದಿದ್ದಾರೆಂದು ಯಾರೂ ನಂಬುವುದಿಲ್ಲ.

"ಜಮೀನು ಬೇಡಪ್ಪ ನಮ್ಗೆ," ಎಂದರು ಟೀಚರ್.

"ಎಲ್ರೂ ಮೊದ್ಲು ಹಂಗೇ ಅಂತಾರೆ ಮೇಡಂ. ನಮ್ಗೂ ಇದೊಂದೇ ಜಮೀನು."

ಬರೆದುಕೊಡುತ್ತೇವೆ ಎಂದೆವು. ಈ ಜಮೀನಿನಲ್ಲಿ ನಮಗೆ ಯಾವ ಹಕ್ಕೂ ಬೇಡ, ಸಮಾಧಿಗೆ ಮಾತ್ರ ಜಾಗ ಸಾಕು ಎಂದು ನಾನೇ ಕರಡು ಮಾಡಿ, ಚಿಂತಾಮಣಿಯಲ್ಲಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ಕಳಿಸಿದೆ. ಅವನು ಅದನ್ನು ತನ್ನ ವಕೀಲರಿಗೆ ತೋರಿಸಿದ. ಹಕ್ಕು ಬಿಟ್ಟುಕೊಡುತ್ತೇವೆ ಎಂದರೆ ಹಕ್ಕು ಇತ್ತು ಎಂದು ಒಪ್ಪಿಕೊಂಡ ಹಾಗೆ, ಇದನ್ನು ಮುಟ್ಟಬೇಡ ಎಂದರಂತೆ ಅವರು. ನಾನು ಬೇರೆ ಥರ ಬರೆದೆ. ಅದಕ್ಕೂ ಅದೇ ಉತ್ತರ. ಬಾಯಿಮಾತಿನಲ್ಲೇ ಇರಲಿ ಎಂದರೆ, ಹೊಸ ಸಮಾಧಿ ಎದ್ದ ಮೇಲೆ ಅದೇ ಸಾಕ್ಷಿಯಾಗುತ್ತದೆ. ಕಾನೂನಿನ ಮಟ್ಟಿಗೆ ಆ ವಕೀಲರು ಹೇಳಿದ ಒಂದು ಮಾತೂ ತಪ್ಪಲ್ಲ. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಅದೇ ನನಗೆ ಹೊಟ್ಟೆ ಉರಿಸಿದ್ದು. ಅತ್ತ ಶಿಡ್ಲಘಟ್ಟದಲ್ಲಿ ಮುದುಕರ ಕಾಲು ಊದಿಕೊಂಡಿತ್ತು. ಪ್ರತಿ ಸಲ ಫೋನ್ ಮಾಡಿದಾಗಲೂ "ಒಪ್ಪಿದ್ನಾ?" ಎಂದು ಅವರು ಹಿಂದಿನಿಂದ ಕೇಳುವುದು ನನಗೂ ಕೇಳಿಸುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ ಅಜ್ಜಿ ಯಾರದೋ ಫೋನಿನಿಂದ ಮಾತಾಡಿದರು. ಮೊದಲು ಅಳು, ಆಮೇಲೆ ಮಾತು. ಮಗ ಜೆಸಿಬಿ ತರಿಸಿದ್ದ. ಕಲ್ಲಿದ್ದರೆ ತಾನೇ ಸಾಕ್ಷಿ ಎಂದು ಯಾರೋ ತಲೆಗೆ ತುಂಬಿದ್ದರಂತೆ. ಒಂದು ಕಿತ್ತು ಒಂದು ಬಿಟ್ಟರೆ ಅದಕ್ಕೂ ಪ್ರಶ್ನೆ ಏಳುತ್ತದೆಂದು ಇಡೀ ಸಾಲನ್ನೇ ಕಿತ್ತು, ಮೂಲೆಯನ್ನು ಮಟ್ಟ ಮಾಡಿಸಿದ್ದ. ಸ್ವಂತ ಅಪ್ಪನ ಕಲ್ಲನ್ನೂ ಬಿಡಲಿಲ್ಲ.

"ಅಡ್ಡ ಮಲಗ್ತೀನಿ ಅಂದೆ ಕಣಮ್ಮ. ನನ್ನ ಎತ್ಕೊಂಡ್ ಹೋಗಿ ಮನೇಲಿ ಕೂರ್ಸಿಬಿಟ್ರು," ಎಂದರು ಅಜ್ಜಿ.

ಎಷ್ಟೋ ವರ್ಷ ಯಾರ ತಂಟೆಯೂ ಇಲ್ಲದೆ, ಎಡೆ ಉಂಡುಕೊಂಡು, ಬಳೆ ತೊಟ್ಟುಕೊಂಡು ಮಲಗಿದ್ದ ತಾಯಿ. ನಾವು ಹುಡುಕಿಕೊಂಡು ಹೋದೆವು, ಕಲ್ಲು ಹೋಯಿತು. ಹುಡುಕದಿದ್ದರೆ ಇರುತ್ತಿತ್ತು. ಇದನ್ನು ಹೇಗೆ ತಿರುಗಿಸಿ ನೋಡಿದರೂ ಬೇರೆ ಅರ್ಥ ಹೊರಡುವುದಿಲ್ಲ.

ಟೀಚರ್ ಕೆರಳಿ ಕೆಂಡವಾದರು. "ಈಗ ಹಾಕೇ ಹಾಕ್ತೀನಿ ಕೇಸು. ಜಮೀನೇ ವಾಪಸ್ ತಗೋತೀನಿ. ನಿಮ್ಮ ಪೇಪರೆಲ್ಲ ಕೊಡಿ," ಎಂದರು. ಪೇಪರು ಅವರದೇ, ಕೊಟ್ಟೆ. ಗೆಲ್ಲಬಹುದಾದ ಕೇಸೇ ಇರಬಹುದು ಎಂದೂ ಹೇಳಿದೆ. ಆದರೆ ತೀರ್ಪು ಬರುವ ಹೊತ್ತಿಗೆ ತಾತ ಇರುವುದಿಲ್ಲ ಎಂಬುದನ್ನು ನಾನು ಹೇಳಬೇಕಾಗಿರಲಿಲ್ಲ.

ಮಂಚದ ಮೇಲಿಂದ ಮುದುಕರು ಎಲ್ಲ ಕೇಳಿಸಿಕೊಂಡಿದ್ದರು. "ಕೇಸು ಆಮೇಲೆ ಹಾಕ್ಕೊಳ್ರಮ್ಮ. ನನ್ನ ಒಂದ್ಸಲ ಕರ್ಕೊಂಡ್ ಹೋಗಿ," ಎಂದರು. ಡಾಕ್ಟರು ಕೂಡದು ಎಂದರು. ಟೀಚರ್ ಬೇಡವೆಂದು ಅತ್ತರು. ಮುದುಕರು ಊಟ ಬಿಟ್ಟರು. ಕೊನೆಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಹಾಸಿ ಮಲಗಿಸಿಕೊಂಡು ಹೊರಟೆವು.

ಏರಿಯ ಮೇಲೆ ಕಾರು ನಿಲ್ಲಿಸಿ ಇಳಿಸಿದಾಗ ಮುದುಕರು ಮೊದಲು ಕೆರೆಯ ಕಡೆ ತಿರುಗಿದರು. ಜಾಲಿ ಬೆಳೆದ ಅಂಗಳದಲ್ಲಿ ತೂಬಿನ ಕಲ್ಲುಕಂಬ ಇನ್ನೂ ನಿಂತಿತ್ತು. "ಅಗೋ," ಎಂದರು, ಅಷ್ಟೇ. ಕೆಳಗೆ ಕೆಂಪು ಮಣ್ಣು ಹೊಸದಾಗಿ ಉತ್ತು, ಡ್ರಿಪ್ ಪೈಪು ಎಳೆದು, ಸಸಿ ನೆಟ್ಟಿದ್ದರು. ಅಜ್ಜಿ ಆಗಲೇ ಬಂದು ಕಾಯುತ್ತಿದ್ದರು. ಮಗ ಪಂಪ್‌ಸೆಟ್ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಯಾರ ಮುಖವನ್ನೂ ನೋಡದೆ ವಾಪಸ್ ಹೋದ. ಅವನಿಗೆ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನು ಬಿಟ್ಟು ಮುದುಕರನ್ನು ಆ ಕುರ್ಚಿಯಲ್ಲಿ ಕೂರಿಸಿದೆ.

"ಎಲ್ಲಿದ್ದಾಳಮ್ಮ ನಮ್ಮಮ್ಮ?" ಎಂದು ಕೇಳಿದರು ಮುದುಕರು.

ಅಜ್ಜಿ ಸಸಿಗಳ ನಡುವೆ ಆ ಕಡೆ ಹೋದರು, ಈ ಕಡೆ ಬಂದರು, ನಿಂತರು, ಮತ್ತೆ ಎರಡು ಹೆಜ್ಜೆ ಸರಿದರು. "ಇಲ್ಲಿರ್ಬೇಕಪ್ಪ. ಇಲ್ಲ, ಇಲ್ಲಿ. ನಂಗೇ ಗೊತ್ತಾಗ್ತಿಲ್ವಲ್ಲೋ ದೇವ್ರೇ, ನಮ್ಮ ಯಜಮಾನ್ರೂ ಎಲ್ಲಿ ಅಂತ ಗೊತ್ತಾಗ್ತಿಲ್ಲ," ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

"ಹೋಗ್ಲಿ ಬಾ ತಾಯಿ, ಬಿಸ್ಲು. ಎಡೆಗೆ ಏನೇನ್ ಇಡ್ತಿದ್ದೆ ನಮ್ಮಮ್ಮಂಗೆ?"

"ಮುದ್ದೆ, ಸಾರು. ವಡೆ, ಪಾಯಸ. ಕೋಳಿ ಕುಯ್ದ ವರ್ಷ ಕೋಳಿ. ಎಲೆ ಅಡಿಕೆ."

"ಪ್ರತಿ ವರ್ಷ?"

"ಮಗು ಹೆತ್ತ ವರ್ಷ ಒಂದ್ಸಲ ತಪ್ತು. ನಮ್ಮತ್ತೆ ಇಟ್ರು."

ಮುದುಕರು ಕುರ್ಚಿಯ ಕೈ ಹಿಡಿದುಕೊಂಡು ಮುಂದಕ್ಕೆ ಬಾಗಿದರು. "ನಾನು ಒಂದು ವರ್ಷನೂ ಇಟ್ಟಿಲ್ಲ ಕಣಮ್ಮ," ಎಂದರು. ಅಜ್ಜಿ ಅವರ ಕಾಲ ಹತ್ತಿರ ಮಣ್ಣಿನಲ್ಲೇ ಕೂತರು. ಇಬ್ಬರೂ ಆ ಸಸಿಗಳನ್ನು ನೋಡುತ್ತಾ ಕೂತಿದ್ದರು. ಟೀಚರ್ ಕಾರಿನ ಬಾಗಿಲು ಹಿಡಿದು ನಿಂತಿದ್ದರು.

ಶ್ರಾವಣದಲ್ಲಿ ಮುದುಕರು ತೀರಿಕೊಂಡರು. ಶಿಡ್ಲಘಟ್ಟದ ಸ್ಮಶಾನದಲ್ಲಿ, ಅವರಿಗೆ ಯಾರೂ ಅಲ್ಲದವರ ನಡುವೆ ಮಣ್ಣು ಮಾಡಿದರು. ನಾನೂ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದೆ. ಟೀಚರ್ ಕೇಸು ಹಾಕಿದರು. ಹಾಕಬೇಡಿ ಎನ್ನಲು ನನಗೆ ಯಾವ ಅಧಿಕಾರ?

ಮಹಾಲಯ ಅಮಾವಾಸ್ಯೆಯ ದಿನ ಬೆಳಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಅಜ್ಜಿ. ಹಿಂದೆ ಎಣ್ಣೆಯಲ್ಲಿ ಏನೋ ಕರಿಯುವ ಸದ್ದು.

"ಹೊಲದಾಗೆ ಎಲ್ಲಿ ಇಡೋದು ಗೊತ್ತಾಗ್ಲಿಲ್ಲಮ್ಮ, ಮನೇಲೇ ಎಲೆ ಹಾಕಿದೀನಿ. ಮಗನಿಗೆ ಹೇಳಿಲ್ಲ. ಆ ಯಪ್ಪ ಹೋದ್ರಂತಲ್ಲ, ಅವರಿಗೂ ಒಂದು ಎಲೆ ಹಾಕ್ದೆ. ಊಟಕ್ಕೆ ಕರೀಬೇಕಲ್ಲ, ಹೆಸ್ರೇನು ಹೇಳು."

ನಾನು ಹೇಳಿದೆ. ಅಜ್ಜಿ ಅದನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡರು.

"ಅವರಮ್ಮನ ಹೆಸ್ರೂ ಹೇಳ್ಬಿಡು. ಇಷ್ಟು ವರ್ಷ ಹೆಸ್ರಿಲ್ದೆ ಕರ್ದೆ."

"ಅದು ಸಿಗ್ಲಿಲ್ಲ ಅಜ್ಜಿ," ಎಂದೆ. "ಎಲ್ಲಾ ಕಡೆ ಹುಡುಕಿದೆ. ಎಲ್ಲೂ ಬರ್ದಿಲ್ಲ."

"ಹೋಗ್ಲಿ ಬಿಡಮ್ಮ," ಎಂದರು ಅಜ್ಜಿ. "ಅವಳ ಮಗನೇ ಊಟಕ್ಕೆ ಬಂದ್ಮೇಲೆ ಅವಳು ಬರ್ದೆ ಇರ್ತಾಳಾ?"